ಗುಜರಿ ಅಂಗಡಿಯ ಎರಡು ಡ್ರಮ್ಮು

ಕೇಳುಗರಿಗೆ ನಮಸ್ಕಾರ.

ಹೋದ ಬೇಸಿಗೆಯಲ್ಲಿ ಹುಬ್ಬಳ್ಳಿಯ ಗೋಕುಲ ರಸ್ತೆ ಕಡೆ ಒಂದು ಗುಜರಿ ಅಂಗಡಿಗೆ ಹೋಗಿದ್ದೆ. ಡಾಂಬರಿನ ಎರಡು ಖಾಲಿ ಡ್ರಮ್ಮು ಬೇಕಿತ್ತು. ಅಂಗಡಿಯವನು ತೂಕ ಹಾಕಿ, ದುಡ್ಡು ಎಣಿಸಿಕೊಂಡು, ಆಮೇಲೆ ಕೇಳಿದ: "ನೀರು ತುಂಬಾಕೇನ್ರಿ ಸರ?" ಅಲ್ಲಪ್ಪ, ಒಂದು ಕಲಾಕೃತಿ ಮಾಡಬೇಕು ಅಂದೆ. "ಹಂಗಾದ್ರ ನವಿಲು ಮಾಡ್ರಿ, ಚಲೋ ಕಾಣ್ತದ" ಅಂದ.

ಅವನ ತಪ್ಪೇನಿಲ್ಲ. ಗುಜರಿ ಸಾಮಾನಿನ ಕಲೆ ಅಂದರೆ ನಾವು ನೋಡಿರುವುದೇ ಅದು. ಬೈಕಿನ ಚೈನಿನ ನವಿಲು, ನಟ್ಟು ಬೋಲ್ಟಿನ ಸಿಂಹ, ಮೇಲೊಂದು ಕೋಟು ಬಂಗಾರದ ಬಣ್ಣ. ಕೈಚಳಕ ಇದೆ, ಒಪ್ಪುತ್ತೇನೆ. ಆದರೆ ಅಲ್ಲಿ ಚೈನು ವೇಷ ಹಾಕಿಕೊಂಡು ನಿಂತಿರುತ್ತದೆ. ಎಷ್ಟೋ ವರ್ಷ ಯಾರನ್ನೋ ಹೊತ್ತು ತಿರುಗಿ ಸವೆದ ಚೈನು ಅದು ಅನ್ನುವುದು ಬಣ್ಣದ ಕೆಳಗೆ ಮುಚ್ಚಿಹೋಗುತ್ತದೆ. ನನಗೆ ಬೇಕಾದದ್ದು ಆ ಸವೆತವೇ.

ನಾನು ಮಾಡಹೊರಟ ಇಂಥ ಕಲೆಗೆ ಇನ್‌ಸ್ಟಾಲೇಶನ್ ಅನ್ನುತ್ತಾರೆ. ಕನ್ನಡದಲ್ಲಿ ಪ್ರತಿಷ್ಠಾಪನಾ ಕಲೆ. ಹೆಸರು ಕೇಳಿದವರು ಗಣಪತಿ ಎಲ್ಲಿದ್ದಾನೆ ಅಂತ ಹುಡುಕಿದರೆ ಆಶ್ಚರ್ಯವಿಲ್ಲ! ಇದು ಗೋಡೆಗೆ ತೂಗುಹಾಕುವ ಚಿತ್ರವಲ್ಲ. ಒಂದು ಕೋಣೆಯನ್ನೋ ಅಂಗಳವನ್ನೋ ಕಲಾವಿದರು ತುಂಬುತ್ತಾರೆ, ನಾವು ಅದರ ನಡುವೆ ಓಡಾಡುತ್ತೇವೆ. 1967ರ ಹೊತ್ತಿಗೆ ಇಟಲಿಯಲ್ಲಿ 'ಆರ್ತೆ ಪೊವೆರಾ' ಅಂತ ಒಂದು ಗುಂಪು ಹುಟ್ಟಿತು. ಬಡ ಕಲೆ ಅಂತ ಅರ್ಥ. ಆ ಗುಂಪಿನ ಯಾನಿಸ್ ಕುನೆಲ್ಲಿಸ್ ಕಲ್ಲಿದ್ದಲು, ಗೋಣಿಚೀಲ, ಉಣ್ಣೆ, ಕಬ್ಬಿಣದ ತಗಡು ಇವನ್ನೆಲ್ಲ ಹಾಗೆಹಾಗೇ ತಂದು ಇಟ್ಟ. 1969ರಲ್ಲಿ ರೋಮ್ ನಗರದ ಒಂದು ಗ್ಯಾಲರಿಯಲ್ಲಿ 12 ಜೀವಂತ ಕುದುರೆಗಳನ್ನೇ ಕಟ್ಟಿದ. ಲದ್ದಿ ಬಳಿದವರು ಯಾರೋ, ಪಾಪ.

ಅಷ್ಟು ದೂರ ಯಾಕೆ? ನಮ್ಮ ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಅವರನ್ನು ನೋಡಿ. ಸಗಣಿ, ಕುಂಕುಮ, ದಾರ, ಕೂದಲು ಅವರ ಸಾಮಗ್ರಿ. 2009ರಲ್ಲಿ ವೆನಿಸ್ಸಿನಲ್ಲಿ ಅವರ ಒಂದು ಕೃತಿ ಪ್ರದರ್ಶನವಾಯಿತು. ಮನುಷ್ಯರ ಕೂದಲಿನಿಂದ ಹೊಸೆದ ಸುಮಾರು 4 ಕಿಲೋಮೀಟರ್ ಹಗ್ಗ, ಅದರಲ್ಲಿ ತೂಗಾಡುವ ಕಾರಿನ ಸ್ಟೀಲ್ ಬಂಪರುಗಳು. ಅಷ್ಟೇ. ದೃಷ್ಟಿ ತಾಗಬಾರದು ಅಂತ ಗಾಡಿಗೆ ಕೂದಲಿನ ಕರೀ ಹಗ್ಗ ಕಟ್ಟುವುದು ನಮಗೆ ಗೊತ್ತು. ಕೂದಲು ಎಷ್ಟು ಹಗುರ, ಬಂಪರು ಎಷ್ಟು ಭಾರ! ಆದರೂ ನಂಬಿಕೆಯಲ್ಲಿ ಗಾಡಿಯನ್ನು ಕಾಯುವುದು ಕೂದಲು. ಒಂದು ಮಾತೂ ಬರೆಯದೆ ಅವರು ಅದನ್ನು ಕಣ್ಣೆದುರು ತೂಗುಬಿಟ್ಟರು.

ಡಾಂಬರ್ ಡ್ರಮ್ಮಿನ ಹುಚ್ಚು ನನಗೆ ಹಿಡಿದದ್ದೂ ಅವರಿಂದಲೇ. ರಸ್ತೆ ಕೆಲಸದವರು ಖಾಲಿ ಡ್ರಮ್ಮನ್ನು ಸೀಳಿ, ಬಡಿದು ಚಪ್ಪಟೆ ಮಾಡಿ ಅದರಲ್ಲೇ ಗುಡಿಸಲು ಕಟ್ಟಿಕೊಳ್ಳುತ್ತಾರೆ, ಅಲ್ವಾ? ಶೀಲಾ ಅವರು 2006ರಲ್ಲಿ ಅಂಥ ಡ್ರಮ್ಮು, ತಗಡುಗಳಿಂದ ಒಂದು ಕತ್ತಲೆ ಕೋಣೆ ಕಟ್ಟಿದರು. ಬಗ್ಗಿ ಒಳಗೆ ಹೋಗಿ ತಲೆ ಎತ್ತಿದರೆ, ಮೇಲಿನ ತಗಡಿನ ಸಣ್ಣ ಸಣ್ಣ ತೂತುಗಳಿಂದ ಬೆಳಕು ಇಳಿದು ನಕ್ಷತ್ರದ ಹಾಗೆ ಕಾಣುತ್ತದೆ.

ನನ್ನ ಯೋಜನೆ ಇಷ್ಟು ದೊಡ್ಡದಲ್ಲ. ಧಾರವಾಡದ ನಮ್ಮ ಹಿತ್ತಿಲಲ್ಲಿ ಎರಡು ಡ್ರಮ್ಮು ನಿಲ್ಲಿಸಿ, ಒಂದಕ್ಕೆ ಎರೆಮಣ್ಣು ಮೆತ್ತುವುದು, ಇನ್ನೊಂದನ್ನು ತುಕ್ಕು ಹಿಡಿಯಲು ಬಿಡುವುದು. ಇಲ್ಲಿಯದು ಕೆಂಪು ಮಣ್ಣು, ಹಾಗಾಗಿ ನವಲಗುಂದ ಕಡೆಯಿಂದ ನಾಲ್ಕು ಚೀಲ ಎರೆಮಣ್ಣು ತರಿಸಿದೆ. ಕಲಸಿ ಮೆತ್ತಿದೆ. ಎರಡನೇ ದಿನವೇ ಹಪ್ಪಳದ ಹಾಗೆ ಎದ್ದು ಪೂರ್ತಿ ಕೆಳಗೆ ಬಿತ್ತು. ಮತ್ತೆ ಮೆತ್ತಿದೆ, ಮತ್ತೆ ಬಿತ್ತು. ಎರೆಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುವ ಹೊಲ ನೋಡಿ ಬೆಳೆದವನು ನಾನು. ಆದರೂ ಮರೆತಿದ್ದೆ.

ಹಾಲು ಹಾಕುವ ಅಜ್ಜಿ ನಿಂತು ನೋಡಿದಳು. "ಯಪ್ಪಾ, ನುಣ್ಣನ ಕಬ್ಬಿಣಕ್ಕ ಬರೇ ಮಣ್ಣು ಹೆಂಗ ಹಿಡೀತದ? ಜ್ವಾಳದ ಕಣಕಿ ಕತ್ತರಿಸಿ ಹಾಕು, ಸಗಣಿ ಹಾಕು, ನಾಕು ದಿನಾ ಕೊಳಿಲಿ. ಡ್ರಮ್ಮಿಗೆ ಗೋಣಿತಟ್ಟು ಸುತ್ತು." ನಲವತ್ತು ವರ್ಷ ಮಕ್ಕಳಿಗೆ ಚಿತ್ರಕಲೆ ಕಲಿಸಿದವನು ಸುಮ್ನೆ ತಲೆಯಾಡಿಸಿದೆ.

ಗೋಣಿತಟ್ಟು ಸಿಕ್ಕಿದ್ದು ಬ್ಯಾಡಗಿ ಮೆಣಸಿನಕಾಯಿ ತುಂಬಿದ ಹಳೇ ಚೀಲದ್ದು. ಬ್ಯಾಡಗಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಅನ್ನುತ್ತಾರೆ. ನನ್ನ ಮೂಗಿಗೆ ಆ ವಿಷಯ ಗೊತ್ತಿರಲಿಲ್ಲ. ಚೀಲ ಕೊಡವಿದೆ, ಇಡೀ ಓಣಿ ಸೀನಿತು. ಮಣ್ಣು ಮೆತ್ತಿ ಒಣಗಿದ ಮೇಲೂ ಹತ್ತಿರ ಹೋದವರ ಮೂಗು ತುರಿಸುತ್ತಿತ್ತು. ಇದನ್ನು ನಾನು ಯೋಚಿಸಿ ಮಾಡಿದ್ದಲ್ಲ. ಆದರೆ ನನ್ನ ಕೃತಿಯಲ್ಲಿ ಅದೇ ಎಲ್ಲಕ್ಕಿಂತ ಚೆನ್ನಾಗಿರುವ ಭಾಗ ಅಂತ ಈಗಲೂ ಅನಿಸುತ್ತದೆ. ಚೀಲ ತಾನು ಹೊತ್ತದ್ದನ್ನು ಬಿಟ್ಟುಕೊಟ್ಟಿರಲಿಲ್ಲ.

ಇನ್ನೊಂದು ಡ್ರಮ್ಮಿಗೆ ಉಪ್ಪುನೀರು ಚಿಮುಕಿಸಿ, ಒದ್ದೆ ಹತ್ತಿಬಟ್ಟೆ ಸುತ್ತಿದ್ದೆ. ವಾರ ಬಿಟ್ಟು ಬಿಚ್ಚಿದರೆ ಬಟ್ಟೆಯ ಮೇಲೆ ಡ್ರಮ್ಮಿನ ಪಟ್ಟಿ, ತಗ್ಗು, ಹೊಲಿಗೆ ಎಲ್ಲ ತುಕ್ಕಿನ ಬಣ್ಣದಲ್ಲಿ ಮೂಡಿದ್ದವು. ಇದರಲ್ಲಿ ಹೊಸದೇನಿಲ್ಲ. ಬಟ್ಟೆಯ ಮೇಲೆ ಚಿತ್ರ ಬರೆಯುವ ಕಲಂಕಾರಿಯವರು ತುಕ್ಕು ಕಬ್ಬಿಣವನ್ನು ಬೆಲ್ಲದ ನೀರಿನಲ್ಲಿ ಕೊಳೆಸಿಯೇ ಕಪ್ಪು ಬಣ್ಣ ಮಾಡುವುದು.

ಮಳೆ ಶುರುವಾಯಿತು. ಮಣ್ಣಿನ ಡ್ರಮ್ಮು ನಿಧಾನವಾಗಿ ಕರಗತೊಡಗಿತು. ತಾಡಪತ್ರಿ ಹೊದಿಸಿ ಅಂತ ಮನೆಯವರು ಹೇಳಿದರು. ನಾನು ಹೊದಿಸಲಿಲ್ಲ. ಭಾದ್ರಪದದಲ್ಲಿ ಬರುವ ಮಣ್ಣಿನ ದೇವರು ಜೋಕುಮಾರ ನೆನಪಾದ. ಹಸಿ ಮಣ್ಣು, ಬೇವಿನ ಸೊಪ್ಪು, ತುಟಿಗೆ ಬೆಣ್ಣೆ, ಒಂದು ಬುಟ್ಟಿ. ಏಳು ದಿನ ಮನೆಮನೆ ತಿರುಗುತ್ತಾನೆ, ಆಮೇಲೆ ಇರುವುದಿಲ್ಲ. ಅವನಿಗೆ ಯಾರೂ ತಾಡಪತ್ರಿ ಹೊದಿಸುವುದಿಲ್ಲವಲ್ಲ.

ಕಣಕಿಯಲ್ಲಿ ಉಳಿದಿದ್ದ ನಾಲ್ಕೈದು ಜೋಳದ ಕಾಳು ಡ್ರಮ್ಮಿನ ಹೊಟ್ಟೆಯ ಮೇಲೆ ಮೊಳಕೆ ಒಡೆದವು. ಅಷ್ಟರಲ್ಲಿ ಒಂದು ದಿನ ಗುಜರಿ ಅಂಗಡಿಯವನೇ ಬಂದ. ಎರಡು ಸುತ್ತು ಹಾಕಿದ, ಸೀನಿದ, ತುಕ್ಕಿನ ಡ್ರಮ್ಮಿನ ಮೇಲೆ ಬೆರಳಿಂದ ಬಡಿದು ನೋಡಿದ. ಅದರ ತಗ್ಗು ತೋರಿಸಿ, "ಇದು ನಾನ ಲಾರಿಯಿಂದ ಇಳಿಸುವಾಗ ಬಿದ್ದಿದ್ದರಿ" ಅಂದ. ಜೋಳದ ಸಸಿಯನ್ನು ಸ್ವಲ್ಪ ಹೊತ್ತು ನೋಡುತ್ತ ನಿಂತ. ಆಮೇಲೆ ಮೆಲ್ಲಗೆ ಕೇಳಿದ:

"ಮಳಿಗಾಲ ಮುಗದ ಮ್ಯಾಲೆ ಬಿಚ್ಚತೀರಲ್ರಿ ಸರ? ನನಗ ಹೊಳ್ಳಿ ಕೊಡ್ರಿ. ಅದ ರೇಟಿಗೆ ತಗೋತೀನಿ."