ಹಳೇ ಬೋಟಿನ ಡ್ರೈವ್ ಗುಜರಿಗೆ ಹಾಕುವ ಮುಂಚೆ

ನಮಸ್ಕಾರ. ನಾನೀಗ ಹಂಗಾರಕಟ್ಟೆಯಲ್ಲಿ ಭಾವನ ಶೆಡ್ಡಿನಲ್ಲಿ ಕೂತಿದ್ದೇನೆ. ಹಿಂದೆ ಕೇಳುತ್ತಿರುವುದು ಮಳೆ, ತಗಡಿನ ಮಾಡು, ಏನೂ ಮಾಡುವ ಹಾಗಿಲ್ಲ. ಎದುರು ಬೆಂಚಿನ ಮೇಲೆ ಬಿಚ್ಚಿಟ್ಟಿರುವುದು ನಮ್ಮ ಬೋಟಿನ ಡ್ರೈವ್. 1988ರದ್ದು, ಮರ್ಕ್ರೂಸರ್ ಕಂಪೆನಿಯ ಆಲ್ಫಾ ಒನ್ ಮಾಡೆಲ್. ಇಂಜಿನ್ ಬೋಟಿನ ಒಳಗೆ, ಅದರ ಶಕ್ತಿಯನ್ನು ಫ್ಯಾನಿಗೆ ಮುಟ್ಟಿಸುವ ಡ್ರೈವ್ ಹಿಂಬದಿಯ ಹೊರಗೆ, ಅದಕ್ಕೆ ಫ್ಯಾನ್, ಅಂದರೆ ನೀರು ತಳ್ಳುವ ಪ್ರೊಪೆಲ್ಲರ್. ಸ್ಟರ್ನ್‌ಡ್ರೈವ್ ಅಂತಾರಲ್ಲ, ಅದು.

ಎರಡು ವರ್ಷದಿಂದ ನಾವಿಬ್ಬರೂ ಹೋದಲ್ಲೆಲ್ಲ ಕೇಳಿದ್ದು ಒಂದೇ ಮಾತು. "ಇದರ ಸಾಮಾನು ಈಗ ಬರುವುದಿಲ್ಲ ಮಾರಾಯ್ರೆ, ತೆಗೆದು ಔಟ್‌ಬೋರ್ಡ್ ಹಾಕಿ." ಔಟ್‌ಬೋರ್ಡ್ ಅಂದರೆ ಇಂಜಿನ್ನೂ ಫ್ಯಾನೂ ಒಟ್ಟಿಗೆ ಬೋಟಿನ ಹಿಂದೆ ಹೊರಗೆ ನೇತುಹಾಕುವುದು. ಹೇಳಿದವರು ಕೆಟ್ಟವರಲ್ಲ. ಆದರೆ ಆ ಮಾತು ತಪ್ಪು ಅಂತ ನಾನು ಇವತ್ತು ಗಟ್ಟಿಯಾಗಿ ಹೇಳುತ್ತೇನೆ. ಸಾಮಾನು ಬರುತ್ತದೆ. ನಾವು ಕೇಳುವ ರೀತಿ ಸರಿ ಇಲ್ಲ, ಅಷ್ಟೇ.

ಯಾಕೆ ಹೀಗಾಯಿತು ಅಂದರೆ, ನಮ್ಮ ಊರಿನಲ್ಲಿ ಬೋಟ್ ರಿಪೇರಿಗೆ ಜನ ಕಡಿಮೆ ಇಲ್ಲ. ಮಲ್ಪೆಯಲ್ಲಾಗಲಿ ಮಂಗಳೂರು ದಕ್ಕೆಯಲ್ಲಾಗಲಿ ಟ್ರಾಲ್ ಬೋಟಿನ ಶಾಫ್ಟ್ ಬಾಗಿದರೆ, ಫ್ಯಾನಿಗೆ ಬಲೆ ಸಿಕ್ಕಿ ರೆಕ್ಕೆ ಮುರಿದರೆ, ಗೇರ್‌ಬಾಕ್ಸ್ ಕೂತರೆ, ಕೈ ಹಾಕಿ ಸರಿ ಮಾಡಿ ಕೊಡುವವರು ಇದ್ದಾರೆ. ಆದರೆ ಆ ಬೋಟಿನಲ್ಲಿ ಇಂಜಿನ್‌ನಿಂದ ನೇರ ಒಂದು ಶಾಫ್ಟ್ ಹಿಂದೆ ಹೋಗುತ್ತದೆ. ನಾಡದೋಣಿಗೆ ಔಟ್‌ಬೋರ್ಡ್, ಅದರ ಸಾಮಾನೂ ಸಿಗುತ್ತದೆ. ಇವೆರಡರ ನಡುವಿನ ಸ್ಟರ್ನ್‌ಡ್ರೈವ್ ಇಲ್ಲಿ ತುಂಬಾ ಕಡಿಮೆ. ನಮ್ಮ ಬೋಟ್ ಬಂದದ್ದು ಗೋವಾದಿಂದ, ಮೂರನೇ ಕೈ. ಹತ್ತಾರು ವರ್ಷ ಡೀಸೆಲ್ ಇಂಜಿನ್ ಮಾಡಿದ ಮೇಸ್ತ್ರಿಗೆ ಇದನ್ನು ಬಿಚ್ಚುವ ಪ್ರಸಂಗವೇ ಬಂದಿರುವುದಿಲ್ಲ. ಕಾಣದ್ದಕ್ಕೆ "ಸಿಗಲ್ಲ" ಅಂದುಬಿಡುವುದು ಸುಲಭ.

ಈಗ ನಮ್ಮ ತಪ್ಪು ಹೇಳುತ್ತೇನೆ, ಯಾಕೆಂದರೆ ಬೇರೆಯವರ ದುಡ್ಡು ಉಳಿಯಲಿ. ಹೋದ ವರ್ಷ ಗೇರ್ ಆಯಿಲ್ ತೆಗೆದಾಗ ಹಾಲು ಹಾಕಿದ ಕಾಫಿಯ ಬಣ್ಣ ಇತ್ತು. ನೀರು ಒಳಗೆ ಹೋಗಿದೆ ಅಂತ ಅರ್ಥ. ಡ್ರೈವಿನ ಕೆಳಗಿನ ಭಾಗದ, ಅಂದರೆ ಲೋವರ್ ಯೂನಿಟ್ಟಿನ, ಬೇರಿಂಗ್ ತುಕ್ಕು ಹಿಡಿದು ಗರಗರ ಅನ್ನುತ್ತಿತ್ತು. ನಾವು ಹೊರಗಿನ ಒಬ್ಬ ಮಾರಾಟಗಾರನಿಗೆ "ಆಲ್ಫಾ ಒನ್ ಲೋವರ್ ಯೂನಿಟ್ ಬೇಕು" ಅಂತ ಬರೆದೆವು. ಅವನು ಕಳಿಸಿದ. ಸಾಗಾಟ, ಕಸ್ಟಮ್ಸ್ ಎಲ್ಲ ಸೇರಿ ದೊಡ್ಡ ಮೊತ್ತವೇ ಆಯಿತು. ಬಂದದ್ದನ್ನು ಮೇಲಿನ ಭಾಗಕ್ಕೆ ಹಿಡಿದು ನೋಡಿದರೆ ಕೂರುವುದೇ ಇಲ್ಲ. ಆಲ್ಫಾ ಒನ್‌ನಲ್ಲಿ ಎರಡು ತಲೆಮಾರು ಇವೆ. ಎರಡನೆಯದು 1991ರಿಂದ ಬಂದದ್ದು. ಹೆಸರು ಒಂದೇ, ಆದರೆ ಒಂದರ ಲೋವರ್ ಇನ್ನೊಂದಕ್ಕೆ ಆಗುವುದಿಲ್ಲ. ವಾಪಸ್ ತೆಗೆದುಕೊಳ್ಳಲು ಅವನು ಒಪ್ಪಲಿಲ್ಲ. ಆ ಸೀಸನ್ ಪೂರ್ತಿ ಬೋಟ್ ತೆಂಗಿನ ಮರದ ಕೆಳಗೆ ಟಾರ್ಪಾಲು ಹೊದ್ದು ನಿಂತಿತ್ತು. ಭಾವ ಒಂದು ಮಾತೂ ಆಡಲಿಲ್ಲ, ಅದೇ ನನಗೆ ಜಾಸ್ತಿ ನೋವಾದದ್ದು.

ಹಾಗಾಗಿ ನಾನು ಹೇಳುವುದು, ಮೊದಲು ಪಾರ್ಟ್ ಹುಡುಕಬೇಡಿ, ನಂಬರ್ ಹುಡುಕಿ. ಡ್ರೈವಿನ ಸೀರಿಯಲ್ ನಂಬರ್ ಬೇರೆ, ಇಂಜಿನ್ನಿನದ್ದು ಬೇರೆ. ಎರಡನ್ನೂ ಬರೆದಿಡಿ. ಸ್ಟಿಕರ್ ಉಪ್ಪುನೀರಿಗೆ ಹೋಗಿರುತ್ತದೆ, ಮೇಲೆ ನಾಲ್ಕು ಸಲ ಪೇಂಟ್ ಬಿದ್ದಿರುತ್ತದೆ. ಪೇಂಟ್ ರಿಮೂವರ್ ಹಾಕಿ ಬಟ್ಟೆಯಲ್ಲಿ ನಿಧಾನ ಉಜ್ಜಿ, ಗ್ರೈಂಡರ್ ತಾಗಿಸಬೇಡಿ, ಅಚ್ಚು ಅಳಿಸಿ ಹೋಗುತ್ತದೆ. ಆ ನಂಬರ್ ಇದ್ದರೆ ಕಂಪೆನಿಯ ಬಿಡಿಭಾಗದ ಚಿತ್ರಪಟ ತೆಗೆಯಬಹುದು, ಅದರಲ್ಲಿ ಪ್ರತಿ ಬೋಲ್ಟಿಗೂ ನಂಬರ್ ಇರುತ್ತದೆ. ಹಳೇ ನಂಬರ್ ಈಗ ನಡೆಯುವುದಿಲ್ಲ ಅಂತ ಅಂಗಡಿಯವರು ಹೇಳಿದರೆ ಅಲ್ಲಿಗೇ ಬಿಡಬೇಡಿ. ಎಷ್ಟೋ ಸಲ ಅದರ ಬದಲಿಗೆ ಹೊಸ ನಂಬರ್ ಬಂದಿರುತ್ತದೆ. "ಇದರ ಬದಲಿ ನಂಬರ್ ಯಾವುದು" ಅಂತ ಕೇಳಬೇಕು.

ಆಮೇಲೆ ಗೇರ್ ರೇಷಿಯೋ. ಇದನ್ನು ಬಿಟ್ಟವರೇ ಜಾಸ್ತಿ. ನಮ್ಮದು 4.3 ಲೀಟರ್ ವಿ6, ರೇಷಿಯೋ 1.84. ಅಂದರೆ ಇಂಜಿನ್ 1.84 ಸುತ್ತು ತಿರುಗಿದಾಗ ಫ್ಯಾನ್ ಒಂದು ಸುತ್ತು. ವಿ8 ಇಂಜಿನ್ನಿನ ಜೊತೆ ಬರುವ 1.50 ಡ್ರೈವ್ ಹೊರಗಿನಿಂದ ನೋಡಿದರೆ ಹಾಗೇ ಕಾಣುತ್ತದೆ. ಅದನ್ನು ಹಾಕಿದಿರಿ ಅಂದುಕೊಳ್ಳಿ, ಇಂಜಿನ್ ನಿಮಿಷಕ್ಕೆ 4600 ಸುತ್ತು ತಿರುಗುವಾಗ ಫ್ಯಾನ್ 2500 ಇರಬೇಕಾದದ್ದು 3000 ದಾಟಬೇಕಾಗುತ್ತದೆ, ಅಷ್ಟು ನೀರನ್ನು ತಳ್ಳುವ ತಾಕತ್ತು ಆ ಇಂಜಿನ್ನಿಗೆ ಇಲ್ಲ, ಹಾಗಾಗಿ ಅದು ಆ ಸ್ಪೀಡಿಗೆ ಹೋಗುವುದೇ ಇಲ್ಲ, ಏರು ರಸ್ತೆಯಲ್ಲಿ ಟಾಪ್ ಗೇರಿನಲ್ಲಿ ಓಡಿಸಿದ ಹಾಗೆ ಏದುಸಿರು ಬಿಟ್ಟು ಬಿಟ್ಟು ಬೇಗ ಹಾಳಾಗುತ್ತದೆ. ರೇಷಿಯೋ ಅಚ್ಚು ಮಾಸಿದ್ದರೆ ನೀವೇ ಎಣಿಸಬಹುದು. ಡ್ರೈವ್ ಬೆಂಚಿನ ಮೇಲೆ ಇರುವಾಗ ಗೇರಿಗೆ ಹಾಕಿ, ಫ್ಯಾನ್ ಶಾಫ್ಟಿಗೆ ಒಂದು ಗುರುತು ಮಾಡಿ, ಇಂಜಿನ್ ಕಡೆಯ ಶಾಫ್ಟನ್ನು ಕೈಯಲ್ಲಿ ತಿರುಗಿಸಿ. ಫ್ಯಾನ್ ಶಾಫ್ಟ್ ಹತ್ತು ಸುತ್ತು ಮುಗಿಸುವಾಗ ಇಂಜಿನ್ ಕಡೆ ಹದಿನೆಂಟೂವರೆ ಹತ್ತಿರ ಬಂದರೆ 1.84, ಹದಿನೈದು ಬಂದರೆ 1.50.

ಇನ್ನು ಎಲ್ಲವನ್ನೂ ಹೊರದೇಶದಿಂದಲೇ ತರಿಸಬೇಕು ಅನ್ನುವುದೂ ಸರಿ ಅಲ್ಲ. ಬೇರಿಂಗಿಗೆ ಕಂಪೆನಿ ಹೆಸರು ಬೇಡ. ಸಾಧಾರಣವಾಗಿ ಅದರ ಅಂಚಿನಲ್ಲೇ ನಂಬರ್ ಇರುತ್ತದೆ. ಈಗ 6205 ಅಂತ ಇದ್ದರೆ ಒಳಗೆ 25 ಮಿಲಿಮೀಟರ್, ಹೊರಗೆ 52, ದಪ್ಪ 15. ಬೋಟಾಗಲಿ, ಹಿಟ್ಟಿನ ಗಿರಣಿಯಾಗಲಿ, ಅಳತೆ ಅದೇ. ಆಯಿಲ್ ಸೀಲ್ ಕೂಡ ಅಷ್ಟೇ, ಒಳ ಅಳತೆ, ಹೊರ ಅಳತೆ, ದಪ್ಪ. ಮಂಗಳೂರಿನ ಬೇರಿಂಗ್ ಅಂಗಡಿಗೆ ಹೋಗುವಾಗ "ಬೋಟಿನ ಡ್ರೈವಿಗೆ" ಅಂತ ಶುರು ಮಾಡಬೇಡಿ, ಅಲ್ಲೂ "ಸಿಗಲ್ಲ" ಅಂತಾರೆ. ಹಳೇ ಸಾಮಾನು ಕೌಂಟರಿನ ಮೇಲೆ ಇಡಿ, ವರ್ನಿಯರ್ ಹಿಡಿದು ಅಳೆಯಲಿ. ಇಂಚಿನ ಅಳತೆಯದ್ದೂ ಇರುತ್ತದೆ, ಅದಕ್ಕೆ ಸ್ವಲ್ಪ ಕಾಯಬೇಕು. ಒಂದು ವಿಷಯ ಮಾತ್ರ ಗಮನಿಸಿ, ಫ್ಯಾನ್ ಶಾಫ್ಟಿಗೆ ಎರಡು ಸೀಲ್ ಬೆನ್ನಿಗೆ ಬೆನ್ನು ಕೂರುತ್ತವೆ. ಒಂದು ಆಯಿಲನ್ನು ಒಳಗೆ ಹಿಡಿಯುತ್ತದೆ, ಇನ್ನೊಂದು ನೀರನ್ನು ಹೊರಗೆ ತಡೆಯುತ್ತದೆ. ಎರಡನ್ನೂ ಒಂದೇ ದಿಕ್ಕಿಗೆ ಹೊಡೆದರೆ ಕೆಲಸ ಕೆಟ್ಟಿತು.

ಆದರೆ ಬೆಲ್ಲೋಸ್ ಮತ್ತು ವಾಟರ್ ಪಂಪಿನ ಇಂಪೆಲ್ಲರ್ ವಿಷಯದಲ್ಲಿ ಅಡ್ಜಸ್ಟ್‌ಮೆಂಟ್ ಬೇಡ. ಬೆಲ್ಲೋಸ್ ಅಂದರೆ ಡ್ರೈವ್ ಬೋಟಿಗೆ ಸೇರುವಲ್ಲಿ ನೀರು ತಡೆಯುವ ಮಡಿಕೆ ಮಡಿಕೆ ಕೊಳವೆ, ಇಂಪೆಲ್ಲರ್ ಅಂದರೆ ಪಂಪಿನೊಳಗೆ ತಿರುಗಿ ನೀರು ಎಳೆಯುವ ಚಕ್ರ. ಎರಡೂ ರಬ್ಬರ್. ಬೆಲ್ಲೋಸ್ ಹರಿದರೆ ನೀರು ಸೀದಾ ಒಳಗಿನ ಜಾಯಿಂಟಿಗೆ ಬರುತ್ತದೆ, ಇನ್ನೂ ಹೆಚ್ಚು ಹರಿದರೆ ಬೋಟಿನ ಒಳಗೇ ಬರಬಹುದು. ಸಮಾಧಾನ ಏನೆಂದರೆ ಈ ಎರಡು ಸಾಮಾನು ಹಳೇ ಮಾಡೆಲ್ಲಿಗೂ ಹೊಸದಾಗಿ ತಯಾರಾಗಿ ಬರುತ್ತಿವೆ, ಸಿಯೆರಾ ಥರದ ಬೇರೆ ಕಂಪೆನಿಯವರೂ ಮಾಡುತ್ತಾರೆ. ಗೋಡೌನಿನಲ್ಲಿ ವರ್ಷಗಟ್ಟಲೆ ಕೂತ ರಬ್ಬರನ್ನು ಕಡಿಮೆಗೆ ಕೊಡುತ್ತೇನೆ ಅಂದರೂ ತೆಗೆದುಕೊಳ್ಳಬೇಡಿ.

ಗೇರ್ ಚಕ್ರ ಲೇತಿನಲ್ಲಿ ಮಾಡಿಸಬಹುದಾ ಅಂತ ಕೇಳಿದವರಿದ್ದಾರೆ. ಬೈಕಂಪಾಡಿಯಲ್ಲಿ ಒಳ್ಳೆಯ ಲೇತ್ ಕೆಲಸದವರಿದ್ದಾರೆ. ಸೀಲ್ ಉಜ್ಜಿ ಶಾಫ್ಟಿನಲ್ಲಿ ಗೆರೆ ಬಿದ್ದಿದ್ದರೆ ಅದರ ಮೇಲೆ ತೆಳು ಲೋಹದ ಸ್ಲೀವ್ ಹಾಕಿಸಬಹುದು, ಬುಶ್ ಮಾಡಿಸಬಹುದು. ಆದರೆ ಗೇರ್ ಹಲ್ಲಿನ ಮೇಲ್ಮೈಯನ್ನು ಬಿಸಿ ಮಾಡಿ ಗಟ್ಟಿ ಮಾಡಿರುತ್ತಾರೆ, ಹಲ್ಲಿಗೆ ಹಲ್ಲು ಕೂರುವ ಜಾಗವನ್ನು ಶಿಮ್, ಅಂದರೆ ತೆಳು ಲೋಹದ ಬಿಲ್ಲೆ, ಹಾಕಿ ಹೊಂದಿಸಿರುತ್ತಾರೆ. ಒಂದು ಹೊಸದು ಒಂದು ಹಳೇದು ಹಾಕಿದರೂ ಅದು ಬಾಳುವುದಿಲ್ಲ. ಅದಕ್ಕೆ ಜೋಡಿಯೇ ಬೇಕು.

ಕಂಪೆನಿ ಮುಚ್ಚಿದೆ ಅನ್ನುವ ಭಯವೂ ಇದೆ. ಓಎಂಸಿ ಅನ್ನುವ ಅಮೆರಿಕದ ಬೋಟ್ ಇಂಜಿನ್ ಕಂಪೆನಿ 2000ದ ಡಿಸೆಂಬರಿನಲ್ಲಿ ದಿವಾಳಿಯಾಯಿತು. ಆದರೆ ಅದಕ್ಕಿಂತ ಮುಂಚೆ, 90ರ ದಶಕದಲ್ಲಿ, ವೋಲ್ವೋ ಪೆಂಟಾ ಜೊತೆ ಸೇರಿ ಡ್ರೈವ್ ಮಾಡಿತ್ತು. ಆ ಕಾಲದ ಓಎಂಸಿ ಡ್ರೈವ್ ಇದ್ದರೆ ವೋಲ್ವೋ ಕಡೆಯಿಂದಲೂ ವಿಚಾರಿಸಿ. ಹಾಗೆಯೇ ಹಳೇ ಮರೈನರ್ ಔಟ್‌ಬೋರ್ಡ್‌ಗಳಲ್ಲಿ ಕೆಲವು ಯಮಹಾ ಮಾಡಿಕೊಟ್ಟವು. ಮುಚ್ಚಳದ ಮೇಲಿನ ಹೆಸರು ನೋಡಿ ಸೋತು ಕೂರಬೇಡಿ.

ಕೊನೆಗೆ ನಮ್ಮ ಲೋವರ್ ಸಿಕ್ಕಿದ್ದು ಎಲ್ಲಿ ಗೊತ್ತಾ? ಮಂಗಳೂರಿನ ಒಂದು ಗುಜರಿ ಅಂಗಡಿಯಲ್ಲಿ. ಅಲ್ಯೂಮಿನಿಯಂ ರಾಶಿಯಲ್ಲಿ, ಕೆಜಿ ಲೆಕ್ಕದಲ್ಲಿ. ಹೊರಗೆ ಪೂರ್ತಿ ಉಪ್ಪು ತಿಂದಿತ್ತು, ಒಳಗಿನ ಗೇರ್ ಕನ್ನಡಿಯ ಹಾಗೆ ಇತ್ತು. ಅದರ ಮೇಲಿನ ಭಾಗ ಎಲ್ಲಿ ಅಂತ ಕೇಳಿದೆ. ಹಿಂದಿನ ವಾರ ಕರಗಿಸಲು ಹೋಯಿತು ಅಂದರು. ನನಗೆ ಹೊಟ್ಟೆ ಉರಿದುಹೋಯಿತು. ಯಾರೋ ಒಬ್ಬರಿಗೆ ಅದೇ ಬೇಕಿತ್ತು, ಅಲ್ವಾ?

ಗಂಗೊಳ್ಳಿಯಿಂದ ಉಳ್ಳಾಲದವರೆಗೆ ಯಾರ ಅಂಗಳದಲ್ಲಾದರೂ ಹಳೇ ಡ್ರೈವ್ ಬಿದ್ದಿದ್ದರೆ ಸುಮ್ನೆ ಕೊಟ್ಟುಬಿಡಬೇಡಿ. ನಂಬರಿನ ಫೋಟೋ ತೆಗೆದು ಈ ವೀಡಿಯೋದ ಕೆಳಗೆ ಹಾಕಿ. ಬೇಕಾದವರು ನೋಡಲಿ. ನಾನೂ ನಮ್ಮ ಹತ್ತಿರ ಮಿಕ್ಕಿರುವುದರ ಪಟ್ಟಿ ಹಾಕುತ್ತೇನೆ. ತಪ್ಪಾಗಿ ಬಂದ ಆ ಎರಡನೇ ತಲೆಮಾರಿನ ಲೋವರ್ ಕೂಡ ಇಲ್ಲೇ ಇದೆ, ಹೊಸದು, ಸರಿಯಾದ ಬೋಟ್ ಇರುವವರು ಬಂದು ನೋಡಿ.

ಭಾವ ಪಂಪ್ ತಂದ. ಡ್ರೈವಿಗೆ 10 ಪಿಎಸ್‌ಐ ಆಸುಪಾಸು ಗಾಳಿ ತುಂಬಿ, ಸೋಪು ನೀರು ಹಚ್ಚಿ, ಗುಳ್ಳೆ ಬರುತ್ತದಾ ಅಂತ ನೋಡಬೇಕು. ಆಯಿಲ್ ತುಂಬುವುದು ಆಮೇಲೆ. ಕ್ಯಾಮೆರಾ ಆಚೆ ತಿರುಗಿಸುತ್ತೇನೆ, ನೋಡಿ.