ಪ್ರಾಸ್ಟೇಟ್ ಬಯಾಪ್ಸಿ: ಕ್ಯಾನ್ಸರೋ, ಕ್ಯಾನ್ಸರ್ ಥರ ಕಾಣುವ ಇನ್ನೇನೋ?

[ತೆರೆಯಲ್ಲಿ: ಸ್ಲೈಡ್‌ನ ಎರಡು ಚಿತ್ರ, ಅಕ್ಕಪಕ್ಕ]

ಗಂಡಸರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್‌ನಿಂದ ಬಯಾಪ್ಸಿಗೆಂದು ತೆಗೆದ ಚೂರುಗಳಿವು. ಈ ಎರಡನ್ನೂ ನೋಡಿ. ಎರಡರಲ್ಲೂ ಪುಟ್ಟ ಪುಟ್ಟ ಗ್ರಂಥಿಗಳು ಒತ್ತೊತ್ತಾಗಿ ಕೂತಿವೆ. ಎಡಗಡೆಯದು ಕ್ಯಾನ್ಸರ್. ಬಲಗಡೆಯದು ಅಡಿನೋಸಿಸ್, ಅಪಾಯವಿಲ್ಲದ್ದು. ವ್ಯತ್ಯಾಸ ಗೊತ್ತಾಗಲಿಲ್ಲ ಅಲ್ವಾ? ದಿನಾ ಸ್ಲೈಡ್ ನೋಡುವ ಪೆಥಾಲಜಿಸ್ಟ್‌ಗಳೂ ಇಲ್ಲಿ ತಡವರಿಸುತ್ತಾರೆ.

ಯಾಕೆಂದರೆ ಕೈಗೆ ಸಿಗುವುದೇ ಅಷ್ಟು. ಸಾಮಾನ್ಯವಾಗಿ 12 ಕಡೆ ಸೂಜಿ ಹಾಕಿ ತೆಗೆದ, ದಾರದಷ್ಟು ತೆಳುವಾದ ಎಳೆಗಳು, ಅದರಲ್ಲಿ ಅನುಮಾನದ ಜಾಗ ಒಂದು ಮಿಲಿಮೀಟರ್ ಕೂಡ ಇರದಿರಬಹುದು, ಆದರೂ ಹೌದೋ ಅಲ್ಲವೋ ಹೇಳಬೇಕು.

[ತೆರೆಯಲ್ಲಿ: ಒಂದು ಗ್ರಂಥಿಯ ರೇಖಾಚಿತ್ರ]

ಮಾಮೂಲಿ ಗ್ರಂಥಿಗೆ ಎರಡು ಪದರ. ಒಳಗೆ ಸ್ರವಿಸುವ ಕೋಶ, ಹೊರಗೆ ಬೇಸಲ್ ಕೋಶ. ಕ್ಯಾನ್ಸರ್ ಗ್ರಂಥಿಯಲ್ಲಿ ಈ ಹೊರಪದರ ಇರುವುದಿಲ್ಲ. ಬರಿಗಣ್ಣಿನ ಮಾತು ಬಿಡಿ, ಮೈಕ್ರೋಸ್ಕೋಪಿನಲ್ಲೂ ಅದು ಇದೆಯೋ ಇಲ್ಲವೋ ಹೇಳುವುದು ಎಷ್ಟೋ ಸಲ ಕಷ್ಟ. ಅದಕ್ಕೇ ಪಿ63 ಥರದ ವಿಶೇಷ ಬಣ್ಣ ಹಾಕುತ್ತಾರೆ. ಬೇಸಲ್ ಕೋಶ ಇದ್ದರೆ ಕಂದು. ಜೊತೆಗೆ ಎಎಂಎಸಿಆರ್, ಇದು ಹೆಚ್ಚಿನ ಕ್ಯಾನ್ಸರ್ ಕೋಶಗಳಲ್ಲಿ ಕೆಂಪಾಗುವಂತೆ ಮಾಡಿರುತ್ತಾರೆ.

ಕಂದು ಇಲ್ಲ, ಕೆಂಪಿದೆ, ಅಂದರೆ ಕ್ಯಾನ್ಸರ್. ಇಷ್ಟೇನಾ? ಇಷ್ಟೇ ಆಗಿದ್ದರೆ ಈ ವಿಡಿಯೋ ಬೇಕಿರಲಿಲ್ಲ!

ಅಡಿನೋಸಿಸ್‌ನಲ್ಲೂ, ಗ್ರಂಥಿ ಅರೆಬರೆ ಸೊರಗಿದ ಪಾರ್ಶಿಯಲ್ ಅಟ್ರೋಫಿಯಲ್ಲೂ ಬೇಸಲ್ ಪದರ ಅಲ್ಲಲ್ಲಿ ಹರಿದಿರುತ್ತದೆ, ಕೆಲವು ಗ್ರಂಥಿಗಳಲ್ಲಿ ಪೂರ್ತಿ ಮಾಯ. ನೆಫ್ರೋಜೆನಿಕ್ ಅಡಿನೋಮಾ ಇನ್ನೂ ಕಿಲಾಡಿ: ಕಿಡ್ನಿಯಿಂದ ಉದುರಿದ ಕೋಶಗಳು ಮೂತ್ರದ ದಾರಿಯಲ್ಲಿ ಬೇರೂರಿ ಬೆಳೆದದ್ದು, ಕ್ಯಾನ್ಸರ್ ಅಲ್ಲವೇ ಅಲ್ಲ, ಆದರೆ ಎಎಂಎಸಿಆರ್ ಹಾಕಿದರೆ ಕೆಂಪಾಗುತ್ತದೆ! ಪ್ಯಾಕ್ಸ್8 ಎಂಬ ಇನ್ನೊಂದು ಬಣ್ಣ ಹಾಕಿದಾಗ ಇದರ ಗುಟ್ಟು ರಟ್ಟಾಗುತ್ತದೆ.

ನನಗೆ ಇಷ್ಟದ್ದು ಸೆಮಿನಲ್ ವೆಸಿಕಲ್. ಪ್ರಾಸ್ಟೇಟ್ ಪಕ್ಕದ ಈ ಚೀಲದ ಚೂರು ಸೂಜಿಗೆ ಸಿಕ್ಕರೆ, ಅದರ ದೊಡ್ಡ ವಿಕಾರ ನ್ಯೂಕ್ಲಿಯಸ್ ನೋಡಿ ಎದೆ ಧಸಕ್ ಅನ್ನುತ್ತದೆ. ಆದರೆ ಕೋಶದೊಳಗೆ ಹೊಂಬಣ್ಣದ ಕಣಗಳು ಕಂಡರೆ ಸಾಕು, ಗುರುತು ಸಿಕ್ಕಿತು.

ಬರೀ ಸ್ಲೈಡ್ ಅಲ್ಲ, ಕೆಲವೊಮ್ಮೆ ದೇಹವೂ ಮೋಸ ಮಾಡುತ್ತದೆ. ಮೂತ್ರಕೋಶದ ಕ್ಯಾನ್ಸರ್‌ಗೆ ಬಿಸಿಜಿ (ಕ್ಷಯದ ಲಸಿಕೆಯದೇ ಔಷಧ) ಚಿಕಿತ್ಸೆ ಪಡೆದವರಲ್ಲಿ, ಪ್ರಾಸ್ಟೇಟ್ ಕ್ಯಾನ್ಸರ್ ಇಲ್ಲದೆಯೂ ಪ್ರಾಸ್ಟೇಟ್ ಊದಿಕೊಂಡು ಗಟ್ಟಿಯಾಗಬಹುದು, ಅದರ ರಕ್ತಪರೀಕ್ಷೆಯ ಅಂಕಿ ಪಿಎಸ್‌ಎ ಏರಬಹುದು. ಆದ್ದರಿಂದ ಹಳೆಯ ಚಿಕಿತ್ಸೆಯ ವಿವರ ಲ್ಯಾಬಿಗೂ ತಲುಪಬೇಕು.

[ತೆರೆಯಲ್ಲಿ: ರಿಪೋರ್ಟ್‌ನ ಒಂದು ಸಾಲು]

ಎಷ್ಟು ನೋಡಿದರೂ ತೀರ್ಮಾನವಾಗದಿದ್ದರೆ ರಿಪೋರ್ಟ್‌ನಲ್ಲಿ ಎಎಸ್‌ಎಪಿ ಎಂದು ಬರೆಯುತ್ತಾರೆ. ಅದು ರೋಗದ ಹೆಸರಲ್ಲ, ‘ಅನುಮಾನವಿದೆ, ಇಷ್ಟರಲ್ಲಿ ಹೇಳಲಾಗದು’ ಎಂದಷ್ಟೇ. ಆಗ ಮತ್ತೆ ಬಯಾಪ್ಸಿ ಬೇಕಾಗಬಹುದು. ಅದಕ್ಕೂ ಮೊದಲು, ಈಗಿರುವ ಸ್ಲೈಡನ್ನೇ ಪ್ರಾಸ್ಟೇಟ್ ಜಾಸ್ತಿ ನೋಡುವ ಇನ್ನೊಬ್ಬ ಪೆಥಾಲಜಿಸ್ಟ್‌ಗೆ ತೋರಿಸಬಹುದಾ ಎಂದು ಡಾಕ್ಟರನ್ನು ಕೇಳಿ.