ಮಂಜಿನ ಬೆಳ್ಳಕ್ಕಿ ಮತ್ತು ಜೀವಕೋಶದ ಪೊರೆ

ಕೇಳುಗರೇ, ನಮಸ್ಕಾರ.

ಧನುರ್ಮಾಸದ ಬೆಳಿಗ್ಗೆ ತೀರ್ಥಹಳ್ಳಿ ಕಡೆಯ ಮನೆಗಳ ಬಚ್ಚಲಲ್ಲಿ ಕೊಬ್ಬರಿ ಎಣ್ಣೆ ಬಾಟಲಿ ಹಂಡೆ ಒಲೆಯ ಪಕ್ಕ ಬೆಂಕಿ ಕಾಯಿಸಿಕೊಳ್ಳುತ್ತಾ ಕೂತಿರುತ್ತದೆ. ರಾತ್ರಿ ಚಳಿಗೆ ಬೆಳ್ಳಗೆ ಗಟ್ಟಿಯಾದ ಎಣ್ಣೆ, ಕಾವು ತಾಗಿದ ಮೇಲೆ ಸುಮಾರು 24 ಡಿಗ್ರಿ ದಾಟಿತೋ, ಮತ್ತೆ ನೀರು. ನಮ್ಮ ಮೈಯ ಜೀವಕೋಶಗಳನ್ನು ಸುತ್ತಿಕೊಂಡಿರುವ ಪೊರೆ ಇದೆಯಲ್ಲ, ಅದೂ ಕೊಬ್ಬಿನ ಜಾತಿಯದೇ. ಆ ಅಣುಗಳಿಗೆ ಲಿಪಿಡ್ ಅಂತ ಹೆಸರು. ಡಿಎಂಪಿಸಿ ಎಂಬ ಒಂದು ಲಿಪಿಡ್ಡಿನ ಪೊರೆ ಗಟ್ಟಿಯಿಂದ ಮೆತ್ತಗಾಗುವುದೂ ಹೆಚ್ಚುಕಡಿಮೆ ಇದೇ 24 ಡಿಗ್ರಿಯಲ್ಲಿ!

ಲಿಪಿಡ್ಡಿಗೆ ಒಂದು ತಲೆ, ಎರಡು ಬಾಲ. ತಲೆಗೆ ನೀರು ಇಷ್ಟ, ಬಾಲಕ್ಕೆ ಆಗಿಬರುವುದಿಲ್ಲ. ಹಾಗಾಗಿ ನೀರಿಗೆ ಹಾಕಿದರೆ ತಾವೇ ಎರಡು ಪದರವಾಗಿ, ಬಾಲಕ್ಕೆ ಬಾಲ ಎದುರಾಗಿ, ತಲೆ ಹೊರಗೆ ಮಾಡಿ ನಿಲ್ಲುತ್ತವೆ. ಕೆಂಪು ರಕ್ತಕಣದ ಕೊಬ್ಬನ್ನು ನೀರಿನ ಮೇಲೆ ಹರಡಿ ಅಳೆದು, ಇದು ಎರಡು ಪದರ ಅಂತ ಗಾರ್ಟರ್ ಮತ್ತು ಗ್ರೆಂಡೆಲ್ ಎಂಬ ವಿಜ್ಞಾನಿಗಳು ಹೇಳಿದ್ದು 1925ರಲ್ಲಿ. ದಪ್ಪ ನಾಲ್ಕೈದು ನ್ಯಾನೋಮೀಟರ್ ಅಷ್ಟೇ. ಒಂದು ಮಿಲಿಮೀಟರ್ ಜಾಗದಲ್ಲಿ ಸುಮಾರು ಎರಡು ಲಕ್ಷ ಪೊರೆ ಒಂದರ ಮೇಲೊಂದು ಪೇರಿಸಬಹುದು. ಇಷ್ಟು ತೆಳುವಿನೊಳಗೆ ಯಾವುದು ಎಲ್ಲಿ ನಿಂತಿದೆ ಅಂತ ನೋಡುವುದು ಹೇಗೆ?

ಎಕ್ಸ್ ರೇ ನೋಡುವುದು ಎಲೆಕ್ಟ್ರಾನುಗಳನ್ನು. ಹೈಡ್ರೋಜನ್ನಿನಲ್ಲಿ ಇರುವುದೇ ಒಂದು, ಅದು ಲೆಕ್ಕಕ್ಕೇ ಸಿಗುವುದಿಲ್ಲ. ಲಿಪಿಡ್ ತುಂಬಾ ಹೈಡ್ರೋಜನ್ನೇ ಇದೆ, ಫಜೀತಿ ಅಲ್ವಾ? ನ್ಯೂಟ್ರಾನ್ ಎಂಬ ಕಣ ಹಾಗಲ್ಲ, ಅದು ಎಲೆಕ್ಟ್ರಾನನ್ನು ಬಿಟ್ಟು ಪರಮಾಣುವಿನ ನಡುವಿನ ಬೀಜಕ್ಕೇ ಬಡಿದು ಚದುರುತ್ತದೆ. ಅದರ ಕಣ್ಣಿಗೆ ಹೈಡ್ರೋಜನ್ ಮತ್ತು ಅದರ ತೂಕದ ಅಣ್ಣ ಡ್ಯೂಟೀರಿಯಂ ಪೂರಾ ಬೇರೆ ಬೇರೆ, ಚದುರಿಸುವ ಲೆಕ್ಕದಲ್ಲಿ ಒಂದು ಮೈನಸ್, ಒಂದು ಪ್ಲಸ್. ರಸಾಯನದ ನಡವಳಿಕೆಯಲ್ಲಿ ಮಾತ್ರ ಇಬ್ಬರೂ ಹೆಚ್ಚುಕಡಿಮೆ ಒಂದೇ. ನನ್ನನ್ನು ಕೇಳಿದರೆ ಇಡೀ ವಿದ್ಯೆಯ ಜೀವ ಇರುವುದು ಇಲ್ಲೇ.

ಮಳೆಗಾಲದಲ್ಲಿ ಆಗುಂಬೆ ಕಡೆ ಮಂಜು ಕವಿದಾಗ ಗದ್ದೆಯ ಬೆಳ್ಳಕ್ಕಿ ಕಾಣುವುದಿಲ್ಲ, ಪಕ್ಕದಲ್ಲೇ ಮೇಯುವ ಎಮ್ಮೆ ಕಾಣುತ್ತದೆ. ಮಂಜು ಸರಿಯಲಿ, ಹಸಿರು ಗದ್ದೆಯಲ್ಲಿ ಬೆಳ್ಳಕ್ಕಿಯೇ ಮೊದಲು ಕಣ್ಣಿಗೆ ಬೀಳುವುದು. ನ್ಯೂಟ್ರಾನಿನಿಂದ ಪೊರೆ ನೋಡುವ ವಿಜ್ಞಾನಿಗಳೂ ಮಂಜನ್ನೇ ಬೇಕಾದ ಹಾಗೆ ಬೆರೆಸಿಕೊಳ್ಳುತ್ತಾರೆ, ಮಾಮೂಲಿ ನೀರಿಗೆ ಡ್ಯೂಟೀರಿಯಂ ಇರುವ ಭಾರಜಲ ಸೇರಿಸಿ. ಬರೀ ಮಾಮೂಲಿ ನೀರಿನಲ್ಲಿ ಲಿಪಿಡ್ಡಿನ ಬಾಲ ಬೆಳ್ಳಕ್ಕಿಯ ಹಾಗೆ ಮರೆಯಾಗಿ ತಲೆ ಉಳಿಯುತ್ತದೆ. ಪೂರ್ತಿ ಭಾರಜಲದಲ್ಲಿಟ್ಟರೆ ಬಾಲ ಎದ್ದು ಕಾಣುತ್ತದೆ. ನೂರಕ್ಕೆ 8 ಪಾಲು ಭಾರಜಲ ಬೆರೆಸಿದರಂತೂ ಗಾಳಿಗೂ ಆ ನೀರಿಗೂ ನ್ಯೂಟ್ರಾನಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ.

ಹಾಗಂತ ಪರದೆ ಮೇಲೆ ಪೊರೆಯ ಫೋಟೋ ಬರುತ್ತದೆ ಅಂದುಕೊಳ್ಳಬೇಡಿ. ಬರುವುದು ಒಂದು ಸೊಟ್ಟ ಗೆರೆ, ಯಾವ ಕೋನಕ್ಕೆ ಎಷ್ಟು ನ್ಯೂಟ್ರಾನ್ ಚದುರಿತು ಅಂತ. ಅದನ್ನು ನೋಡಿ ಒಳಗೆ ಹೀಗಿರಬಹುದು ಅಂತ ಲೆಕ್ಕ ಕಟ್ಟಬೇಕು, ಮತ್ತು ಒಂದೇ ಗೆರೆಗೆ ಎರಡು ಮೂರು ಜೋಡಣೆ ಹೊಂದಿಬಿಡುವುದೂ ಉಂಟು. ಅದಕ್ಕೇ ಅದೇ ಪೊರೆಯನ್ನು ಮೂರ್ನಾಲ್ಕು ಥರದ ನೀರಿನಲ್ಲಿ ಅಳೆದು, ಎಲ್ಲಕ್ಕೂ ಹೊಂದುವ ಒಂದೇ ಉತ್ತರ ಹುಡುಕುತ್ತಾರೆ. ಬೇಕಾದಾಗ ಬೇಕಾದಲ್ಲಿ ಅಳೆಯುವ ಕೆಲಸವೂ ಇದಲ್ಲ, ನ್ಯೂಟ್ರಾನ್ ಸಿಗಬೇಕಾದರೆ ದೊಡ್ಡ ರಿಯಾಕ್ಟರೋ ಕಣಗಳನ್ನು ಜೋರಾಗಿ ಓಡಿಸುವ ವೇಗವರ್ಧಕವೋ ಬೇಕು. ಫ್ರಾನ್ಸಿನ ಗ್ರನೋಬಲ್‌ನಲ್ಲಿ ಒಂದಿದೆ. ನಮ್ಮಲ್ಲಿ ಮುಂಬೈ ಟ್ರಾಂಬೆಯ ಧ್ರುವ ರಿಯಾಕ್ಟರ್, 1985ರಿಂದ. ಸರದಿ ಸಿಕ್ಕವರು ರಾತ್ರಿಯಿಡೀ ಯಕ್ಷಗಾನಕ್ಕೆ ಕೂತ ಹಾಗೆ ನಿದ್ದೆಗೆಟ್ಟು ಕೂರುತ್ತಾರೆ.

ನನಗೆ ತುಂಬಾ ಹಿಡಿಸಿದ ಪ್ರಯೋಗ ಒಂದಿದೆ. ನೆಟ್ಟಗಿನ ಬಾಲದ ಲಿಪಿಡ್, ಡೊಂಕು ಬಾಲದ ಲಿಪಿಡ್, ಜೊತೆಗೆ ಕೊಲೆಸ್ಟರಾಲ್ ಸೇರಿಸಿ ಸಣ್ಣ ಸಣ್ಣ ಗುಳ್ಳೆ ಮಾಡುತ್ತಾರೆ. ನೆಟ್ಟಗಿನ ಬಾಲಕ್ಕೆ ಮೊದಲೇ ಡ್ಯೂಟೀರಿಯಂ ಹಚ್ಚಿರುತ್ತಾರೆ. ಆಮೇಲೆ ನೀರನ್ನು ಎಲ್ಲದರ ಸರಾಸರಿಗೆ ಸರಿಹೊಂದುವ ಹಾಗೆ ಬೆರೆಸುತ್ತಾರೆ. ಲಿಪಿಡ್ಡುಗಳು ಸಮನಾಗಿ ಬೆರೆತಿದ್ದರೆ ಇಡೀ ಗುಳ್ಳೆಯೇ ಮಾಯ, ಗೆರೆ ಸುಮ್ನೆ ಮಲಗಿರುತ್ತದೆ. ಈಗ ನಿಧಾನಕ್ಕೆ ತಣಿಸಬೇಕು. ಮದುವೆಮನೆಯಲ್ಲಿ ಊಟವಾದ ಮೇಲೆ ನೆಂಟರು ತಮ್ಮ ತಮ್ಮ ಕಡೆಯವರ ಜೊತೆ ಗುಂಪು ಕಟ್ಟುವ ಹಾಗೆ ನೆಟ್ಟಗಿನ ಬಾಲದವು ಕೊಲೆಸ್ಟರಾಲನ್ನು ಜಾಸ್ತಿ ಸೇರಿಸಿಕೊಂಡು ಒಂದು ಕಡೆ, ಡೊಂಕಿನವು ಇನ್ನೊಂದು ಕಡೆ. ಸರಾಸರಿ ಕೆಟ್ಟಿತು, ಗೆರೆ ಎದ್ದಿತು.

ಇದೆಲ್ಲ ಎರಡು ಮೂರು ಲಿಪಿಡ್ಡಿನ ಮಾದರಿ ಪೊರೆಯ ಮಾತು. ನಿಜವಾದ ಜೀವಕೋಶದಲ್ಲಿ ನೂರಾರು ಥರದ ಲಿಪಿಡ್, ಮೇಲೆ ಪ್ರೋಟೀನುಗಳ ಸಂತೆ. ಅಲ್ಲೂ ಹೀಗೇ ಗುಂಪು ಕಟ್ಟುತ್ತವೆಯೇ, ಕಟ್ಟಿದರೂ ಎಷ್ಟು ಹೊತ್ತು ಇರುತ್ತವೆ ಎಂಬ ಜಗಳ ಇನ್ನೂ ಮುಗಿದಿಲ್ಲ.